ಒಂದು ತಂತಿ ಕೈಕೊಟ್ಟಾಗ

ಹಿತ್ತಲಲ್ಲಿ ಬಾವಿ ಇದ್ದರೂ ನಲ್ಲಿ ಹಾಕಿಸಿಕೊಳ್ಳುವವರಿದ್ದಾರೆ. ನಲ್ಲಿ ಇದ್ದರೂ ಕೊಳವೆಬಾವಿ ಕೊರೆಸುವವರಿದ್ದಾರೆ. ಇದನ್ನು ಯಾರೂ ದುಂದುವೆಚ್ಚ ಎನ್ನುವುದಿಲ್ಲ. ಈಗ ಅದೇ ಮಾತು ಇಂಟರ್ನೆಟ್ಟಿಗೂ ಅನ್ವಯಿಸತೊಡಗಿದೆ. ಸಿಇಟಿ ಬರೆದ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುವುದು ಇಂಟರ್ನೆಟ್ ಮೂಲಕವೇ. ಕೊನೆಯ ದಿನದ ಸಂಜೆ, ರಸ್ತೆ ಅಗೆಯುವ ಯಂತ್ರ ಕೇಬಲ್ಲಿಗೆ ತಗುಲಿತೆಂದರೆ ಆ ಮನೆಯ ಗತಿಯೇನು?

ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಇದ್ದದ್ದು ದೂರವಾಣಿ ತಂತಿ ಒಂದೇ. ಇಂದು ಅನೇಕ ಮನೆಗಳಿಗೆ ಎರಡು ದಾರಿಗಳಿವೆ: ಗೋಡೆಯೊಳಗಿಂದ ಬರುವ ಫೈಬರ್, ಗಾಳಿಯಲ್ಲಿ ಬರುವ ಮೊಬೈಲ್ ಸಂಪರ್ಕ. ಒಂದು ನಿಂತಾಗ ಯಾರೂ ಮುಟ್ಟದೆಯೇ ಇನ್ನೊಂದಕ್ಕೆ ಹೊರಳುವ ವ್ಯವಸ್ಥೆಗೆ ‘ಫೇಲ್‌ಓವರ್’ ಎಂದು ಹೆಸರು. ಬ್ಯಾಂಕು, ಆಸ್ಪತ್ರೆಗಳಲ್ಲಿ ಇದು ಹಳೆಯ ಸಂಗತಿ, ಮನೆಗೆ ಹೊಸದು.

ರೂಟರ್ ಹೇಗೆ ತಿಳಿಯುತ್ತದೆ?

ಸಾಮಾನ್ಯ ರೂಟರಿಗೆ ಹೊರಗಿನ ಇಂಟರ್ನೆಟ್ ಬರುವ ಬಾಗಿಲು ಒಂದೇ. ‘ಡ್ಯುಯಲ್ ವ್ಯಾನ್’ ರೂಟರಿಗೆ ಎರಡು. ಒಂದಕ್ಕೆ ಫೈಬರ್ ಪೆಟ್ಟಿಗೆಯಿಂದ ಬರುವ ತಂತಿ, ಇನ್ನೊಂದಕ್ಕೆ ಸಿಮ್ ಹಾಕಿದ ಮೋಡೆಮ್. ಯಾವುದು ಮೊದಲು, ಯಾವುದು ಆಮೇಲೆ ಎಂದು ರೂಟರಿಗೆ ಒಮ್ಮೆ ತಿಳಿಸಿಟ್ಟರಾಯಿತು. ಮೊದಲನೆಯದು ಸತ್ತಾಗ ಮಾತ್ರ ಎರಡನೆಯದರ ಸರದಿ.

ಆದರೆ ಸತ್ತಿದೆ ಎಂದು ಗೊತ್ತಾಗುವುದು ಹೇಗೆ? ಹೆಚ್ಚಿನವರು ಎಡವುವುದು ಇಲ್ಲೇ. ರಸ್ತೆಯಲ್ಲಿ ಕೇಬಲ್ ಕಡಿದಿದ್ದರೂ, ಫೈಬರ್ ಪೆಟ್ಟಿಗೆಗೂ ರೂಟರಿಗೂ ನಡುವಿನ ಮೊಳದುದ್ದದ ತಂತಿ ಗಟ್ಟಿಯಾಗಿಯೇ ಇರುತ್ತದೆ. ಅದರ ದೀಪವೂ ಉರಿಯುತ್ತಿರುತ್ತದೆ. ದೀಪವನ್ನಷ್ಟೇ ನಂಬುವ ರೂಟರ್ ‘ಎಲ್ಲ ಸರಿಯಿದೆ’ ಎಂದು ಸುಮ್ಮನೆ ಕುಳಿತುಬಿಡುತ್ತದೆ. ಆದ್ದರಿಂದ ಕೆಲವು ಸೆಕೆಂಡಿಗೊಮ್ಮೆ ದೂರದ ಕಂಪ್ಯೂಟರೊಂದನ್ನು ಕೂಗಿ, ಓಗೊಡುವುದೇ ಎಂದು ನೋಡುವಂತೆ ಅದಕ್ಕೆ ಹೇಳಿರಬೇಕು. ಈ ಕೂಗಿಗೆ ‘ಪಿಂಗ್’ ಎನ್ನುತ್ತಾರೆ. ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಇದಕ್ಕೆ ಬಳಕೆಯಲ್ಲಿರುವ ವಿಳಾಸಗಳು. ಎರಡನ್ನೂ ಕೊಡುವುದು ಲೇಸು. ಒಂದು ಕಡೆ ಉತ್ತರ ಬಾರದಿದ್ದ ಮಾತ್ರಕ್ಕೆ ತಂತಿಯೇ ಸತ್ತಿತು ಎನ್ನುವಂತಿಲ್ಲ.

ಒಂದು ಸಲ ಉತ್ತರ ತಪ್ಪಿದೊಡನೆ ಹೊರಳುವುದೂ, ಒಂದು ಉತ್ತರ ಬಂದೊಡನೆ ಮರಳುವುದೂ ಒಳ್ಳೆಯದಲ್ಲ. ಸಂಪರ್ಕ ಬಂದು ಹೋಗಿ ಮಾಡುತ್ತಿದ್ದರೆ ರೂಟರ್ ಉಯ್ಯಾಲೆಯಾಡುತ್ತದೆ. ಸತತ ಮೂರು ನಾಲ್ಕು ಸಲ ತಪ್ಪಿದರೆ ಹೊರಳಬೇಕು. ಫೈಬರ್ ಕೆಲ ಹೊತ್ತು ಸ್ಥಿರವಾಗಿ ನಿಂತ ಮೇಲೆಯೇ ಮರಳಬೇಕು.

ಆಗುವುದೇನು, ಆಗದ್ದೇನು?

ದಾರಿ ಬದಲಾದೊಡನೆ ಹೊರಜಗತ್ತಿಗೆ ಕಾಣುವ ಮನೆಯ ಐಪಿ ವಿಳಾಸವೂ ಬದಲಾಗುತ್ತದೆ. ನಡೆಯುತ್ತಿದ್ದ ವೀಡಿಯೋ ಪಾಠ ಕಡಿದು ಮತ್ತೆ ಸೇರಿಕೊಳ್ಳಬಹುದು; ಕೆಲವು ಜಾಲತಾಣಗಳು ಪಾಸ್‌ವರ್ಡನ್ನು ಮತ್ತೆ ಕೇಳಬಹುದು. ಅರ್ಜಿ ತುಂಬುವಾಗ ಹಂತಹಂತಕ್ಕೆ ಉಳಿಸಿಕೊಳ್ಳುವ ಅಭ್ಯಾಸವನ್ನು ಯಾವ ರೂಟರೂ ಅನಗತ್ಯವಾಗಿಸದು. ಎರಡು ಸಂಪರ್ಕವಿದ್ದರೆ ವೇಗವೂ ಇಮ್ಮಡಿಯಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಸಿಮ್ಮಿಗೆ ದಿನದ ಮಿತಿ ಇರುವುದೂ ಉಂಟು. ಟೀವಿಯಲ್ಲಿ ಚಲನಚಿತ್ರ ಓಡುತ್ತಲೇ ಇದ್ದರೆ, ಮಗಳ ಅರ್ಜಿಗೆ ಉಳಿಯಬೇಕಾದ ಡೇಟಾ ಗಂಟೆಯೊಳಗೆ ಕರಗಿಹೋದೀತು.

ಎರಡು ಇದ್ದರೆ ಎರಡೇ?

ಮುಖ್ಯ ಪ್ರಶ್ನೆ ಇದು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಾಳದ ಎರಡು ಕೇಬಲ್ಲುಗಳು ಒಂದೇ ದಿನ ಹಾಳಾದವು. ಸೀ-ಮೀ-ವೀ 4 ಮತ್ತು ಫ್ಲ್ಯಾಗ್ ಎಂಬ ಇವುಗಳ ಒಡೆಯರು ಬೇರೆ ಬೇರೆ. ಹಾದುಹೋಗುತ್ತಿದ್ದ ಸಮುದ್ರ ಮಾತ್ರ ಒಂದೇ. ಭಾರತದಲ್ಲೂ ಪಶ್ಚಿಮ ಏಷ್ಯಾದಲ್ಲೂ ಇಂಟರ್ನೆಟ್ ಕುಂಟತೊಡಗಿತು. ಕಂಪನಿಗಳನ್ನು ಕಾಪಾಡಿದ್ದು ತೀರ ಬೇರೆಯಾದ ದಾರಿ: ಪೂರ್ವದಿಕ್ಕಿಗೆ, ಪೆಸಿಫಿಕ್ ಸಾಗರದ ಕಡೆಯಿಂದ ಸಂಚಾರವನ್ನು ತಿರುಗಿಸಲಾಯಿತು.

ಮನೆಯ ಪಾಠವೂ ಇದೇ. ಎರಡು ಕಂಪನಿಗಳ ಫೈಬರ್ ಒಂದೇ ಕಂಬದ ಮೇಲೆ ಜೋತುಬಿದ್ದಿದ್ದರೆ ಒಂದು ಮರ ಉರುಳಿದರೆ ಸಾಕು, ಎರಡೂ ನೆಲಕ್ಕೆ. ಒಂದು ನೆಲದ ಕೆಳಗಿನದು, ಇನ್ನೊಂದು ಗಾಳಿಯದು. ಅದೂ ಬೇರೆ ಕಂಪನಿಯದಾದರೆ ಮೇಲು. ಇನ್ನು ಕರೆಂಟು. ಕೊಳವೆಬಾವಿ ಇದ್ದೂ ಪಂಪು ಓಡದಂತೆ, ಎರಡು ಸಂಪರ್ಕವಿದ್ದೂ ಪೆಟ್ಟಿಗೆಗಳು ಕತ್ತಲಲ್ಲಿ ಕುಳಿತರೆ ಪ್ರಯೋಜನವಿಲ್ಲ. ರೂಟರ್, ಫೈಬರ್ ಪೆಟ್ಟಿಗೆ, ಮೋಡೆಮ್ ಮೂರಕ್ಕೂ ಯುಪಿಎಸ್ ಬೇಕು. ರೂಟರಿಗೆ ಮಾತ್ರ ಕೊಟ್ಟು ಫೈಬರ್ ಪೆಟ್ಟಿಗೆಯನ್ನು ಮರೆಯುವವರು ಕಡಿಮೆಯೇನಿಲ್ಲ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ಬಿಡುವಿನ ಭಾನುವಾರ ಫೈಬರ್ ಪೆಟ್ಟಿಗೆಯ ಹಿಂದಿನ ಹಸಿರು ತುದಿಯ ಎಳೆಯನ್ನು ಮೆಲ್ಲಗೆ ಕಳಚಿ, ಗಡಿಯಾರ ನೋಡಬೇಕು. ಆ ಎಳೆಯಲ್ಲಿ ಕಣ್ಣಿಗೆ ಕಾಣದ ಲೇಸರ್ ಬೆಳಕು ಹರಿಯುತ್ತದೆ. ತುದಿಯೊಳಗೆ ಇಣುಕಬಾರದು, ಬೆರಳಿನಿಂದ ಮುಟ್ಟಲೂಬಾರದು. ಎಷ್ಟು ಸೆಕೆಂಡಿನಲ್ಲಿ ಸಂಪರ್ಕ ಮರಳಿತು ಎಂಬುದನ್ನು ಮಕ್ಕಳೇ ಬರೆದಿಡಲಿ. ಬಳಿಕ ಮನೆಯ ಮೇನ್ ಸ್ವಿಚ್ ಆರಿಸಿ ಇನ್ನೊಮ್ಮೆ.

ಇಷ್ಟೆಲ್ಲ ಪ್ರತಿ ಮನೆಗೂ ಬೇಕೆಂದಿಲ್ಲ. ಅಮ್ಮನ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಇದ್ದು, ಅದರ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪ್ ಜೋಡಿಸುವುದು ಮಗನಿಗೆ ಗೊತ್ತಿದ್ದರೆ ಅದೂ ಫೇಲ್‌ಓವರೇ. ಕೈಯಿಂದ ಮಾಡುವ ಫೇಲ್‌ಓವರ್ ಅಷ್ಟೆ. ಆದರೆ ಅದನ್ನೂ ಒಮ್ಮೆ ಮಾಡಿ ನೋಡಿರಬೇಕು. ಕೊನೆಯ ದಿನದ ಸಂಜೆ ಹಾಟ್‌ಸ್ಪಾಟಿನ ಪಾಸ್‌ವರ್ಡ್ ಹುಡುಕುತ್ತ ಕೂರುವಂತಾಗಬಾರದು.