ಬಾಯಿ ಬಿಟ್ಟು ಹೇಳಬೇಕಾದ ಮಾತು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಸ್ನೇಹಸಮ್ಮೇಳನ ಮುಗಿದು ಪಾಲಕರೆಲ್ಲ ಊಟಕ್ಕೆ ಕುಳಿತಿದ್ದರು. ನಾವು ಬಡಿಸುತ್ತಿದ್ದೆವು. ಪಂಕ್ತಿಯಲ್ಲಿದ್ದ ಒಬ್ಬ ಪಾಲಕರು ಭಜನಾ ಮೇಳದಲ್ಲಿ ಹೆಸರಾದವರು. ಅವರು ಏರುದನಿಯಲ್ಲಿ ಹಾಡಹತ್ತಿದರೆ ಮೈಕು ಬೇಕಾಗುತ್ತಿರಲಿಲ್ಲ. ಅಂದು ಅವರು ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ, ಗುಬ್ಬಿಗೆ ಹಾಕುವಂಥ ಚೂರು ಮಾಡಿ, ಎರಡು ಬೆರಳಿನಿಂದ ಬಾಯೊಳಗೆ ತುರುಕಿಕೊಳ್ಳುತ್ತಿದ್ದರು. ಬಾಯಿ ಅಷ್ಟೇ ತೆರೆಯುತ್ತಿತ್ತು. ಪಲ್ಯದ ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ನಮ್ಮಲ್ಲಿ ಇಬ್ಬರು ಮೂವರು ಇದನ್ನು ಕಂಡೆವು. "ಯಾಕ್ರಿ, ಹಲ್ಲು ನೋವೇನ್ರಿ?" ಎಂದು ಒಬ್ಬರು ಕೇಳಿದರು. "ಏನಿಲ್ರಿ ಸರ, ಉಷ್ಣ ಆಗ್ಯಾದ" ಎಂದು ಅವರು ನಕ್ಕರು. ನಾವೂ ನಕ್ಕು ಮುಂದಿನ ಎಲೆಗೆ ಹೋದೆವು.

ಅವರ ಮಗಳು ಆಗ ನಮ್ಮಲ್ಲಿ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ತಂದೆ ಬಾಯಿ ಮುಕ್ಕಳಿಸುವಾಗ ಗಲ್ಲದ ಒಳಬದಿಗೆ ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ ಇದ್ದುದನ್ನು ಆಕೆ ನೋಡಿದ್ದಳಂತೆ. "ಅಪ್ಪಗ ನಾ ಹೆಂಗ ಹೇಳ್ಬೇಕ್ರಿ ಸರ?" ಎಂದು ನಮ್ಮೆದುರು ಅತ್ತದ್ದು ಮರುವರ್ಷ. ಅಷ್ಟರಲ್ಲಿ ತಂದೆಯ ಬಲದವಡೆಯ ಎಲುಬನ್ನು ತೆಗೆಯಬೇಕಾಗಿ ಬಂದಿತ್ತು. ದೈವವಶಾತ್ ಅವರು ನಮ್ಮ ನಡುವೆ ಇದ್ದಾರೆ. ಭಜನೆಗೂ ಬರುತ್ತಾರೆ, ಆದರೆ ತಾಳ ಹಿಡಿದು ಕೂಡ್ರುತ್ತಾರೆ, ಹಾಡುವದಿಲ್ಲ. ಈ ಸಂಗತಿಯನ್ನು ಅವರ ಪರವಾನಿಗೆ ಪಡೆದೇ ಬರೆಯುತ್ತಿದ್ದೇವೆ. "ಹೆಸರು ಬ್ಯಾಡ, ಸುದ್ದಿ ಬರೀರಿ" ಎಂದು ಚೀಟಿಯ ಮೇಲೆ ಬರೆದುಕೊಟ್ಟರು.

ಮಗಳು ಕಂಡಳು, ಹೇಳಲಿಲ್ಲ. ನಾವು ಕಂಡೆವು, ಹೇಳಲಿಲ್ಲ. ಆಕೆಗೆ ಅಂಜಿಕೆ ಅಡ್ಡ ಬಂತು, ನಮಗೆ ಸಂಕೋಚ. ಆದ್ದರಿಂದ ಈ ಸಲ ಸಂಕೋಚ ಬಿಟ್ಟು ಬರೆಯುವದೆಂದು ನಿಶ್ಚಯಿಸಿದೆವು.

ನಮ್ಮ ಅಕ್ಕಲಕೋಟ, ಸೊಲ್ಲಾಪುರದ ಸೀಮೆಯಲ್ಲಿ ಬೀಡಿ ಸಿಗರೇಟು ಸೇದುವವರಿಗಿಂತ ತಂಬಾಕನ್ನು ಬಾಯಲ್ಲಿಟ್ಟುಕೊಳ್ಳುವವರೇ ಹೆಚ್ಚು. ಹೊಗೆ ಇಲ್ಲದ್ದರಿಂದ ಅದು ಯಾರ ಕಣ್ಣಿಗೂ ಬೀಳುವದಿಲ್ಲ. ಗಂಡಸರ ಕಿಸೆಯಲ್ಲಿ ತಂಬಾಕಿನ ಪುಡಿ, ಸುಣ್ಣದ ಡಬ್ಬಿ; ಅಂಗೈಯಲ್ಲಿ ತಿಕ್ಕಿ, ತಟ್ಟಿ, ಕೆಳದುಟಿಯ ಸಂದಿಗೆ ಇಡುವದು. ಮುದುಕರ ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ. ಹೆಣ್ಣುಮಕ್ಕಳದು ಮಿಶ್ರಿ: ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಅರೆದು, ಮುಂಜಾನೆ ಹಲ್ಲಿಗೆ ತಿಕ್ಕುವ ಪುಡಿ. "ಇದು ಚಟ ಅಲ್ಲ, ಹಲ್ಲುಪುಡಿ" ಎಂದು ತಾಯಂದಿರು ಹೇಳುತ್ತಾರೆ. ಹಲ್ಲು ತಿಕ್ಕಲು ಒಂದು ಸಲ ಸಾಕು; ದಿನಕ್ಕೆ ನಾಲ್ಕು ಸಲ ಏಕೆ ಬೇಕಾಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವದನ್ನು ಸರಕಾರ 1992ರಲ್ಲಿಯೇ ನಿಷೇಧಿಸಿದೆ; ಮನೆಯ ಹಂಚಿಗೆ ಆ ನಿಷೇಧ ತಲುಪಿಲ್ಲ. ಇನ್ನು ಹುಡುಗರದು ಮಾವಾ. ಅಡಿಕೆಯ ಚೂರು, ತಂಬಾಕು, ಸುಣ್ಣ ಕೂಡಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿ ಉಜ್ಜಿದ್ದು. ಗುಟಕಾ ಮಹಾರಾಷ್ಟ್ರದಲ್ಲಿ 2012ರಿಂದ, ಕರ್ನಾಟಕದಲ್ಲಿ 2013ರಿಂದ ನಿಷಿದ್ಧ. ನಿಷೇಧ ಕಾಗದದಲ್ಲಿದೆ, ಪುಡಿಕೆಯ ಖಾಲಿ ಚೀಟಿಗಳು ನಮ್ಮ ಶಾಲೆಯ ಗೋಡೆಯ ಹಿಂದೆ ಬಿದ್ದಿರುತ್ತವೆ. 2016–17ರಲ್ಲಿ ದೇಶದಲ್ಲೆಲ್ಲ ನಡೆದ ಸಮೀಕ್ಷೆಯ ಪ್ರಕಾರ ಪ್ರಾಯದವರಲ್ಲಿ ನೂರಕ್ಕೆ 21 ಜನ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ಅಂದರೆ ಐವರಲ್ಲಿ ಒಬ್ಬರು.

ತಂಬಾಕಿಗೆ ಸುಣ್ಣವನ್ನೇಕೆ ಹಚ್ಚುತ್ತಾರೆ? ರುಚಿಗಾಗಿ ಎಂದು ಮಕ್ಕಳು ಉತ್ತರಿಸುವದುಂಟು. ಸುಣ್ಣ ಕ್ಷಾರ. ಕ್ಷಾರ ಸೇರಿದಾಗ ತಂಬಾಕಿನಲ್ಲಿರುವ ನಿಕೋಟಿನ್ ಎಂಬ ಮಾದಕ ವಸ್ತು ಬಿಡುಗಡೆಯಾಗಿ ಬಾಯಿಯ ತೆಳು ಪೊರೆಯ ಮೂಲಕ ಬೇಗನೆ ರಕ್ತಕ್ಕೆ ಇಳಿಯುತ್ತದೆ. ಮೈಗೆ ಹುರುಪು ಬಂದಂತೆ, ಹಸಿವು ಅಡಗಿದಂತೆ ಅನಿಸುವದು ಇದರಿಂದಲೇ. ಕಬ್ಬು ಕಡಿಯುವವರು, ಬೀಡಿ ಸುತ್ತುವ ತಾಯಂದಿರು ಇದನ್ನು ಹಿಡಿದದ್ದು ಮೋಜಿಗಲ್ಲ, ಹೊಟ್ಟೆಯ ಹಸಿವನ್ನು ಮರೆಯಲು ಎಂಬುದು ನಮಗೆ ಗೊತ್ತಿದೆ. ಅವರನ್ನು ಹೀಯಾಳಿಸುವ ಅಧಿಕಾರ ನಮಗಿಲ್ಲ. ಆದರೆ ಅದೇ ಸುಣ್ಣ ಬಾಯಿಯ ಪೊರೆಯನ್ನು ದಿನಾಲು ಸುಡುತ್ತದೆ. ಸುಟ್ಟ ಜಾಗದಲ್ಲಿ ಹೊಸ ಕಣಗಳು ಬೆಳೆಯಬೇಕು. ಬೆಳೆಯುವ ಕಣಗಳ ಮೇಲೆಯೇ ತಂಬಾಕಿನ ವಿಷ ಕೂತಿರುತ್ತದೆ. ತಂಬಾಕಿನ ಎಲೆಯನ್ನು ಒಣಗಿಸಿ ಹದ ಮಾಡುವಾಗ ಅದರಲ್ಲಿ ನೈಟ್ರೊಸಮೈನ್ ಎಂಬ ವಸ್ತುಗಳು ಹುಟ್ಟುತ್ತವೆ. ಇವೂ ಸೇರಿ ಕ್ಯಾನ್ಸರ್ ತರಬಲ್ಲ 28 ವಸ್ತುಗಳನ್ನು ಹೊಗೆಯಿಲ್ಲದ ತಂಬಾಕಿನಲ್ಲಿ ವಿಜ್ಞಾನಿಗಳು ಗುರುತಿಸಿದ್ದಾರೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ತಂಬಾಕನ್ನು ಇಟ್ಟರೆ ಆ ಜಾಗದ ಕಣಗಳು ತಮ್ಮ ಅಂಕೆ ಮರೆತು ಬೆಳೆಯತೊಡಗುತ್ತವೆ. ಅದೇ ಕ್ಯಾನ್ಸರ್. ಅನೇಕರಿಗೆ ತಾವು ತಂಬಾಕು ಇಡುತ್ತಿದ್ದ ಸಂದಿಯಲ್ಲಿಯೇ ಅದು ಹುಟ್ಟುತ್ತದೆ.

"ನಾವು ಬರೀ ಅಡಿಕೆ ತಿಂತೀವ್ರಿ, ತಂಬಾಕು ಇಲ್ಲ" ಎನ್ನುವವರಿಗೆ ಒಂದು ಮಾತು. ಅಡಿಕೆಯೂ ಸಾಧುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಸಾರಿದೆ. ಅಡಿಕೆಯ ಸಾರದಿಂದ ಗಲ್ಲದ ಒಳಪೊರೆ ಹಗ್ಗದ ಎಳೆಗಳಂತೆ ಬಿಗಿದು ಗಟ್ಟಿಯಾಗುತ್ತ ಹೋಗುತ್ತದೆ. ಮೊದಲು ಖಾರ ತಡೆಯುವದಿಲ್ಲ; ಬಳಿಕ ಬಾಯಿ ಪೂರ್ತಿ ತೆರೆಯುವದಿಲ್ಲ. ಮೇಲೆ ಹೇಳಿದ ಪಾಲಕರಿಗೆ ಆದದ್ದು "ಉಷ್ಣ"ವಲ್ಲ, ಇದೇ. ಹೀಗೆ ಬಿಗಿದ ಬಾಯಿ ಹೆಚ್ಚಾಗಿ ಮೊದಲಿನಂತೆ ಸಡಿಲಾಗುವದಿಲ್ಲ, ಮತ್ತು ಅಂಥ ಬಾಯಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು.

ಹಿರಿಯರಿಂದ ಬಂದ ರೂಢಿ ಎಂಬ ವಾದವೂ ಉಂಟು. ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಾಲದಲ್ಲಿ ತಾಂಬೂಲವಿತ್ತು, ತಂಬಾಕು ಇರಲಿಲ್ಲ. ಅದು ಅಮೇರಿಕೆಯ ಗಿಡ. ಪೋರ್ತುಗೀಜರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂತು. ಮೊಗಲ ಬಾದಶಹ ಅಕಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಂಬಾಕನ್ನು ಕಂಡು ಬೆರಗಾಗಿ, ಸುಮಾರು 1604–05ರಲ್ಲಿ ಅದನ್ನು ಬಾದಶಹನ ದರಬಾರಿಗೆ ಕಾಣಿಕೆಯಾಗಿ ಒಯ್ದನು. ಅಕಬರನು ರುಚಿ ನೋಡಿದನು. ಅವನ ಮಗ ಜಹಾಂಗೀರನು 1617ರಲ್ಲಿ ಅದನ್ನು ನಿಷೇಧಿಸಿದನು. ನಮ್ಮ ನೆರೆಯ ವಿಜಾಪುರಕ್ಕೆ ಇಂಥದೊಂದು ಕೀರ್ತಿಯೂ ಇದೆ ಎಂಬುದನ್ನು ಇತಿಹಾಸದ ಗುರುಗಳು ಒಮ್ಮೆ ಪಾಠದಲ್ಲಿ ಹೇಳಬೇಕು.

ಈ ರೋಗ ಹೊಟ್ಟೆಯೊಳಗೆ ಅಡಗಿ ಕೂಡ್ರುವದಿಲ್ಲ. ಕನ್ನಡಿ ಹಿಡಿದರೆ ಕಾಣುವ ಜಾಗದಲ್ಲಿಯೇ, ಕ್ಯಾನ್ಸರ್ ಆಗುವ ಎಷ್ಟೋ ಮೊದಲು, ಸುಳಿವು ಕೊಡುತ್ತದೆ. ಬಾಯಿ ಮುಕ್ಕಳಿಸಿ, ಬಿಸಿಲಿಗೆ ನಿಂತು, ಗಲ್ಲವನ್ನು ಬೆರಳಿನಿಂದ ಹೊರಗೆಳೆದು ನೋಡಬೇಕು. ತುಟಿಯ ಒಳಬದಿ, ವಸಡು, ನಾಲಗೆಯ ಎರಡೂ ಅಂಚು, ನಾಲಗೆಯ ಕೆಳಗೆ. ತಿಕ್ಕಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಕೆಟ್ಟದ್ದು ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಗಂಟು, ಕಾರಣವಿಲ್ಲದೆ ಹಲ್ಲು ಅಲುಗುವದು, ನುಂಗಲು ತೊಂದರೆ. ನಿಮ್ಮವೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟುನೋಡಿರಿ. ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ ದವಾಖಾನೆಗೆ ಹೋಗಬೇಕು. ನೋವಿಲ್ಲ ಎಂದು ಸುಮ್ಮನಿರಬೇಡಿರಿ. ಆರಂಭದಲ್ಲಿ ನೋವು ಇರುವದೇ ಇಲ್ಲ, ಜನ ಮೋಸಹೋಗುವದು ಅಲ್ಲಿಯೇ. ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವದಿಲ್ಲ. ಆದರೆ ಯಾವುದು ಆಗುತ್ತದೆ ಎಂದು ಕಣ್ಣಂದಾಜಿನಿಂದ ಹೇಳಲು ಬಾರದು. ಡಾಕ್ಟರರು ಚೂರು ತೆಗೆದು ಪರೀಕ್ಷಿಸಿ ಹೇಳುತ್ತಾರೆ. ಅಷ್ಟರಲ್ಲಿಯೇ ತಂಬಾಕು ಬಿಟ್ಟವರ ಬಾಯಲ್ಲಿ ಎಷ್ಟೋ ಮಚ್ಚೆಗಳು ತಾವಾಗಿ ಮಾಯುವದೂ ಉಂಟು.

ದೊಡ್ಡವರೂ ಇದಕ್ಕೆ ಹೊರತಲ್ಲ. ಶರದ ಪವಾರರಿಗೆ 2004ರಲ್ಲಿ ಬಾಯಿಯ ಕ್ಯಾನ್ಸರ್ ಎಂದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. ತಂಬಾಕು, ಸುಪಾರಿಯ ಚಟದಿಂದ ಹೀಗಾಯಿತೆಂದೂ, ನಲವತ್ತು ವರ್ಷಗಳ ಹಿಂದೆ ಯಾರಾದರೂ ಎಚ್ಚರಿಸಿದ್ದರೆ ಚೆನ್ನಾಗಿತ್ತೆಂದೂ ಅವರು ತುಂಬಿದ ಸಭೆಯಲ್ಲಿ ಹೇಳಿಕೊಂಡರು. ನಮ್ಮ ಜತ್ತ ತಾಲೂಕು ಸೇರಿರುವ ಸಾಂಗಲಿ ಜಿಲ್ಲೆಯವರೇ ಆದ ಆರ್. ಆರ್. ಪಾಟೀಲರು, ರಾಜ್ಯದ ಗೃಹಮಂತ್ರಿಗಳಾಗಿದ್ದವರು, 2015ರ ಫೆಬ್ರುವರಿಯಲ್ಲಿ ಇದೇ ರೋಗದಿಂದ 57ನೆಯ ವಯಸ್ಸಿಗೆ ತೀರಿಕೊಂಡರು.

ಇವರೆಲ್ಲ ವಯಸ್ಸಾದವರು, ನಮಗಿನ್ನೂ ಹದಿನೈದು ಎಂದು ಹುಡುಗರು ಅನ್ನಬಹುದು. ಅಂಥವರಿಗೆ ದೂರದ ಅಮೇರಿಕೆಯ ಒಬ್ಬ ಹುಡುಗನ ಕತೆ ಹೇಳಬೇಕಾಗಿದೆ. ಓಕ್ಲಾಹೋಮಾ ರಾಜ್ಯದ ಶಾನ್ ಮಾರ್ಸಿ ಓಟದಲ್ಲಿ 28 ಪದಕ ಗೆದ್ದವನು. ಬೀಡಿ ಸಿಗರೇಟು ಮುಟ್ಟಿದವನಲ್ಲ. ಹೊಗೆ ಇಲ್ಲದ ಮೇಲೆ ಅಪಾಯವಿಲ್ಲವೆಂದು ನಂಬಿ 12ನೆಯ ವಯಸ್ಸಿನಿಂದ ತಂಬಾಕಿನ ಪುಡಿಯನ್ನು ಬಾಯಲ್ಲಿಡುತ್ತಿದ್ದನು. 18ನೆಯ ವಯಸ್ಸಿಗೆ ನಾಲಗೆಯ ಮೇಲೆ ಹುಣ್ಣು. ನಾಲಗೆ ಕತ್ತರಿಸಿದರು, ಬಳಿಕ ಕುತ್ತಿಗೆ, ಬಳಿಕ ದವಡೆ. 1984ರ ಫೆಬ್ರುವರಿಯಲ್ಲಿ, 19ನೆಯ ವಯಸ್ಸಿಗೆ ತೀರಿಕೊಂಡನು. ಮಾತು ನಿಂತ ಮೇಲೆ ಅವನು ಪೆನ್ಸಿಲ್ ಹಿಡಿದು, ಈ ಪುಡಿಯನ್ನು ಹಾಕಬೇಡಿರೆಂದು ತನ್ನಂಥ ಆಟಗಾರರಿಗೆ ಬರೆದಿಟ್ಟನು. ನಮ್ಮ ಪಾಲಕರು ಚೀಟಿ ಬರೆದುಕೊಟ್ಟಾಗ ನಮಗೆ ಈ ಹುಡುಗನ ನೆನಪಾಯಿತು.

ಬರೀ ಹೇಳಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲಿಯೇ ಉತ್ತರವಿದೆ. ಬಾರ್ಶಿಯಲ್ಲಿ 1987ರಲ್ಲಿ ಹಳ್ಳಿಗಳ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುವ ಕೆಲಸ ಆರಂಭವಾಯಿತು. ಗ್ರಾಮೀಣ ಭಾಗದ ಮಟ್ಟಿಗೆ ದೇಶದಲ್ಲಿಯೇ ಅದು ಮೊದಲನೆಯದು. ಅಲ್ಲಿಯ ಕಾರ್ಯಕರ್ತರು ಊರೂರಿಗೆ ಹೋಗಿ ರೋಗದ ಲಕ್ಷಣಗಳನ್ನು ಜನರಿಗೆ ತಿಳಿಸಿದರು. ಕೆಲವೇ ವರ್ಷಗಳಲ್ಲಿ, ಗರ್ಭಕೋಶದ ಕಂಠದ ಕ್ಯಾನ್ಸರ್ ಇದ್ದ ತಾಯಂದಿರು ಮೊದಲಿಗಿಂತ ಮುಂಚಿನ ಹಂತದಲ್ಲಿಯೇ ದವಾಖಾನೆಗೆ ಬರತೊಡಗಿದರು. ಅದನ್ನು ಸಾಧಿಸಿದ್ದು ಯಂತ್ರವಲ್ಲ, ಮಾತು. ಕೇರಳದ ತಿರುವನಂತಪುರದ ಹಳ್ಳಿಗಳಲ್ಲಿ ತರಬೇತಿ ಹೊಂದಿದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನೇ ನೋಡಿದರು. ತಂಬಾಕು ಅಥವಾ ಮದ್ಯದ ರೂಢಿ ಇದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು.

ಕಾಯಿದೆಯ ಮಾತು ಚುಟುಕಾಗಿ. 2003ರ ಕಾಯಿದೆಯಂತೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು. 18 ವರ್ಷದೊಳಗಿನವರಿಗೆ ಎಲ್ಲಿಯೂ ಮಾರಬಾರದು. 2015ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು. "ಒಂದು ಪುಡಿ ತಂದುಕೊಡೋ ತಮ್ಮಾ" ಎಂದು ಮಕ್ಕಳನ್ನು ಅಂಗಡಿಗೆ ಕಳಿಸುವ ಕಾಕಾ, ಮಾಮಾಗಳು ಇದನ್ನು ಒಮ್ಮೆ ಓದಬೇಕು.

ನಮ್ಮ ಅಧ್ಯಾಪಕರ ಕೋಣೆಯೂ ಶುದ್ಧವಾಗಿರಲಿಲ್ಲ ಎಂಬುದನ್ನು ಮುಚ್ಚಿಡುವದಿಲ್ಲ. ಬಾಯಲ್ಲಿ ಏಲಕ್ಕಿ ಹಾಕಿಕೊಂಡು ತರಗತಿಗೆ ಹೋದವರು ನಮ್ಮಲ್ಲಿದ್ದೆವು. ಬಿಡುವಾಗ ಮೊದಲ ವಾರ ತಲೆ ಸಿಡಿಯಿತು, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದೆವು, ರಾತ್ರಿ ನಿದ್ದೆ ಬರಲಿಲ್ಲ. ಮಿಶ್ರಿ ಹಚ್ಚದಿದ್ದರೆ ಹೊಟ್ಟೆ ಸಾಫಾಗುವದಿಲ್ಲ ಎಂದು ತಾಯಂದಿರು ಹೇಳುವದೂ ಸುಳ್ಳಲ್ಲ. ನಿಕೋಟಿನ್ನಿಗೆ ರೂಢಿಯಾದ ಕರುಳು ಕೆಲವು ದಿನ ಮುಷ್ಕರ ಹೂಡುತ್ತದೆ. ಆ ಮೇಲೆ ಸರಿಹೋಗುತ್ತದೆ. ಒಬ್ಬರಿಗೇ ಆಗದಿದ್ದರೆ 1800 112 356 ಎಂಬ ಸರಕಾರದ ಉಚಿತ ದೂರವಾಣಿಗೆ ಮಾತಾಡಬಹುದು. ತಂಬಾಕು ಬಿಡುವವರಿಗಾಗಿಯೇ ಅದು ಇದೆ.

ಇನ್ನು ಮಕ್ಕಳಿಗೆ. ಮನೆಯ ಹಿರಿಯರ ಚಂಚಿ ಕಸಿದು ಗಟಾರಿಗೆ ಎಸೆಯಬೇಡಿರಿ. ಮರುದಿನ ಹೊಸದು ಬರುತ್ತದೆ, ನಿಮ್ಮ ಬೆನ್ನಿಗೆ ಏಟೂ ಬೀಳುತ್ತದೆ. "ಆಯಿ, ನಿನ್ನ ಬಾಯಿ ಒಂದು ಸಲ ನೋಡ್ತೀನಿ, ನಮ್ಮ ಸರ ಹೇಳ್ಯಾರ" ಎನ್ನಿರಿ. ನಮ್ಮ ಹೆಸರು ಹೇಳಿ ಬೈಸಿಕೊಂಡರೆ ನಮಗೇನೂ ಬೇಸರವಿಲ್ಲ. ಮಚ್ಚೆ ಕಂಡರೆ ಅಂದೇ ತಾಯಿಗೆ ಹೇಳಿರಿ, ತಂದೆಗೆ ಹೇಳಿರಿ. ಅಲ್ಲಿ ಬಾಯಿ ಬರದಿದ್ದರೆ ನಮಗೆ ಹೇಳಿರಿ. ಮನೆಗೆ ನಾವು ಬರುತ್ತೇವೆ. ಪಾಲಕರೂ ಮಕ್ಕಳ ಈ ಮಾತನ್ನು ಉದ್ಧಟತನವೆಂದು ತಿಳಿಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಆ ಪಾಲಕರ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಮೊನ್ನೆ ದಾಖಲೆಯ ಪತ್ರಕ್ಕೆಂದು ಶಾಲೆಗೆ ಬಂದಿದ್ದಳು. ಮನೆಯಲ್ಲಿ ಆಯಿಯ ಮಿಶ್ರಿ ಡಬ್ಬಿ ಇನ್ನೂ ಇದೆಯೇ ಎಂದು ಕೇಳಿದೆವು. "ಅದ ರೀ ಸರ. ದಿನಾ ನಾಕು ಸಲ ಇದ್ದದ್ದು ಒಂದು ಸಲಕ್ಕ ಇಳದದ. ಸೋಮವಾರಕ್ಕೊಮ್ಮೆ ಅಂಗಳದ ಬಿಸಿಲಾಗ ಕೂಡ್ರಿಸಿ ಬಾಯಿ ನೋಡ್ತೀನ್ರಿ. ಬೈತಾಳ್ರಿ, ಆದ್ರ ಬಾಯಿ ತೆಗೀತಾಳ" ಎಂದಳು.