ಮನೆ ರಿಪೇರಿ: ಒಂದು ಸ್ವಂತ ಉದ್ಯೋಗ

ನಲ್ಲಿ ಸೋರುತ್ತದೆ, ಚಿಲಕ ಕೂರುವುದಿಲ್ಲ, ಕಿಟಕಿ ಮುಚ್ಚುವುದಿಲ್ಲ. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಹಳೆಯ ಮನೆಗಳಲ್ಲಿ ಇಂಥ ಚಿಲ್ಲರೆ ರಿಪೇರಿ ತಪ್ಪಿದ್ದಲ್ಲ. ದೊಡ್ಡ ಗುತ್ತಿಗೆದಾರರು ಇದಕ್ಕೆ ಬರುವವರಲ್ಲ. ವಿದ್ಯಾರ್ಥಿಗಳೇ, ಇದನ್ನೇ ಸ್ವಂತ ಉದ್ಯೋಗ ಮಾಡಿಕೊಳ್ಳಬಹುದು.

ಮೊದಲು ಕಸುಬು ಕಲಿಯಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ಮೈಸೂರಿನಲ್ಲೂ ಇದೆ. ಅಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ವೈರಿಂಗ್ ಕೆಲಸಕ್ಕೆ ಮಾತ್ರ ಸರ್ಕಾರದ ಪರವಾನಗಿ ಬೇಕು, ಅದಿಲ್ಲದೆ ಕೈಹಾಕಬೇಡಿ. ಬಂಡವಾಳಕ್ಕೆ 2015ರಲ್ಲಿ ಬಂದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಜಾಮೀನಿಲ್ಲದ ಸಾಲವುಂಟು. ಆದರೆ ಡ್ರಿಲ್, ಪೈಪ್ ರೆಂಚು, ಸ್ಕ್ರೂಡ್ರೈವರುಗಳಷ್ಟರಿಂದಲೇ ಶುರುಮಾಡುವುದು ಜಾಣತನ.

ಎಡವುವುದು ಕೂಲಿಯ ಲೆಕ್ಕದಲ್ಲಿ. ನಲ್ಲಿಯ ವಾಷರ್ ಬದಲಿಸಲು ಹತ್ತು ನಿಮಿಷ ಸಾಕು. ಆದರೆ ಹೆಬ್ಬಾಳದಿಂದ ಕುವೆಂಪುನಗರಕ್ಕೆ ಹೋಗಿ, ಅಳತೆ ನೋಡಿ, ಅಂಗಡಿಯಿಂದ ವಾಷರ್ ತಂದು ಹಾಕಿ, ಹಿಂದಿರುಗುವಷ್ಟರಲ್ಲಿ ಒಂದೂವರೆ ಗಂಟೆ! ಹತ್ತು ನಿಮಿಷದ ಕೂಲಿ ಕೇಳಿದರೆ ಪೆಟ್ರೋಲಿಗೂ ಸಾಲದು. ಆದ್ದರಿಂದ ಬಂದು ನೋಡುವ ಶುಲ್ಕವನ್ನು ಫೋನಿನಲ್ಲೇ ತಿಳಿಸಿ. ಸಾಮಾನಿನ ಬಿಲ್ಲು ಬೇರೆ, ಕೂಲಿ ಬೇರೆ ಇರಲಿ. ಒಂದೇ ಬಡಾವಣೆಯ ಕೆಲಸಗಳನ್ನು ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ. ದಸರೆಗೆ ಮುಂಚೆ ಸುಣ್ಣಬಣ್ಣದ ಕೆಲಸ ಕೂಡಿಬಂದಾಗ ಒಬ್ಬ ಸಹಾಯಕನನ್ನು ದಿನಗೂಲಿಗೆ ಕರೆದುಕೊಳ್ಳಿ. ಕಾಯಂ ಸಂಬಳದ ಮಾತು, ಬಂದ ಕೆಲಸವನ್ನು ಬಿಟ್ಟುಕೊಡಬೇಕಾದ ವಾರಗಳು ಹೆಚ್ಚಾದ ಮೇಲೆ.