ಹೊಟ್ಟೆಯೊಳಗಿನ ಕುರು ಹಣ್ಣಾಗುವವರೆಗೆ

“ಗ್ಯಾಸ್ ಆಗಿರ್ಬೇಕು ಕಣ್ರೀ. ಒಂದು ಲೋಟ ಜೀರಿಗೆ ಕಷಾಯ ಕುಡಿದು ಮಲ್ಕೊಳ್ಳಿ, ಬೆಳಿಗ್ಗೆಗೆ ಸರಿಹೋಗುತ್ತೆ.”

ಹೊಟ್ಟೆನೋವು ಎಂದವರಿಗೆ ಗೃಹಿಣಿಯರಾದ ನಾವು ಮೊದಲು ಹೇಳುವ ಮಾತು ಇದೇ. ಬಹಳ ಸಲ ಸರಿಯೂ ಹೋಗುತ್ತದೆ. ಆದರೆ ಮೇಲ್ಹೊಟ್ಟೆಯಲ್ಲಿ ಚೂರಿಯಿಂದ ಇರಿದಂಥ ನೋವು ಹುಟ್ಟಿ ಬೆನ್ನಿಗೆ ಹೊಡೆಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಮುಂದಕ್ಕೆ ಬಾಗಿ ಕುಳಿತರೆ ಮಾತ್ರ ತುಸು ಹಾಯೆನಿಸಿದರೆ, ಅದು ಕಷಾಯ ಕಾಯಿಸುವ ಹೊತ್ತಲ್ಲ. ಆಸ್ಪತ್ರೆಗೆ ಓಡುವ ಹೊತ್ತು. ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ವೈದ್ಯರ ಬಾಯಲ್ಲಿ ಇದೇ ಪ್ಯಾಂಕ್ರಿಯಾಟೈಟಿಸ್.

ಹೆಚ್ಚಿನವರು ಒಂದು ವಾರದಲ್ಲಿ ಚೇತರಿಸಿಕೊಂಡು ಮನೆಗೆ ಬರುತ್ತಾರೆ. ಕಾಯಿಲೆ ತೀವ್ರವಾದವರ ಕಥೆ ಮಾತ್ರ ಬೇರೆ. “ಗಂಡಾಂತರ ಕಳೀತು” ಎಂದು ದೇವರಿಗೆ ದೀಪ ಹಚ್ಚಿದ ಮೇಲೆ, ಮೂರು ನಾಲ್ಕು ವಾರ ಬಿಟ್ಟು, ಮತ್ತೆ ಜ್ವರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ವಾಂತಿ! ಮನೆಯವರು ಕಂಗಾಲಾಗುವುದು ಆಗಲೇ.

ಒಲೆಯ ಬೆಂಕಿ ಮನೆಗೇ ಹತ್ತಿದರೆ

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಗೇಣುದ್ದಕ್ಕಿಂತ ಚಿಕ್ಕದಾದ ಗ್ರಂಥಿ ಇದು. ಎಣ್ಣೆ, ಬೇಳೆ, ಅನ್ನ ಎಲ್ಲವನ್ನೂ ಕರಗಿಸುವ ರಸ ಇಲ್ಲಿಂದಲೇ ಕರುಳಿಗೆ ಇಳಿಯಬೇಕು. ಪಿತ್ತಕೋಶದ ಕಲ್ಲು ಜಾರಿ ದಾರಿಗೆ ಅಡ್ಡ ಕುಳಿತಾಗಲೋ, ಮದ್ಯಪಾನದಿಂದಲೋ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ ಏರಿದಾಗಲೋ ಆ ರಸ ಗ್ರಂಥಿಯನ್ನೇ ಸುಡತೊಡಗುತ್ತದೆ. ಒಲೆಯಲ್ಲಿರಬೇಕಾದ ಬೆಂಕಿ ಮನೆಗೆ ಹತ್ತಿದ ಹಾಗೆ. ಗ್ರಂಥಿಯ ಕೆಲವು ಭಾಗ ಸತ್ತೂ ಹೋಗಬಹುದು. ಸುತ್ತಲೂ ದ್ರವ ಶೇಖರವಾಗುತ್ತದೆ.

“ದ್ರವ ಇದೆ ಅಂತೀರಿ, ಹಾಗಾದ್ರೆ ಇವತ್ತೇ ತೆಗೆದುಬಿಡಿ ಡಾಕ್ಟ್ರೇ” ಎಂದು ಅಂಗಲಾಚುವುದು ಸಹಜ. ಆದರೆ ಕುರು ಹಣ್ಣಾಗುವ ಮೊದಲು ಹಿಸುಕಬೇಡ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿರಲಿಲ್ಲವೇ? ಇಲ್ಲಿಯೂ ಅದೇ ನ್ಯಾಯ. ದ್ರವದ ಸುತ್ತ ಗಟ್ಟಿ ಗೋಡೆ ಕಟ್ಟಿಕೊಳ್ಳಲು ಸುಮಾರು ನಾಲ್ಕು ವಾರ ಬೇಕು. ಅಷ್ಟರಲ್ಲಿ ಎಷ್ಟೋ ಜನರಲ್ಲಿ ದ್ರವ ತಾನಾಗಿಯೇ ಇಂಗಿಹೋಗುತ್ತದೆ. ತೊಂದರೆ ಕೊಡದ ದ್ರವವನ್ನು ಸ್ಕ್ಯಾನಿನಲ್ಲಿ ಕಂಡಿತೆಂಬ ಕಾರಣಕ್ಕೇ ಕೆದಕುವುದಿಲ್ಲ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಹಾಲೆಂಡಿನ ವೈದ್ಯರು ಸೋಂಕು ತಗುಲಿದ 104 ರೋಗಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಕೂಡಲೇ ದ್ರವ ತೆಗೆದದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಕಾದು ನೋಡಿದ ಗುಂಪಿನಲ್ಲಿ ನೂರಕ್ಕೆ 39 ಮಂದಿ ಆಂಟಿಬಯಾಟಿಕ್ ಔಷಧಿಯಿಂದಲೇ ಸುಧಾರಿಸಿದರು.

ದಾರದ ರೀಲಿನಂಥ ಸ್ಟೆಂಟ್

ಹಿಂದೆ ಸೋಂಕು ತಗುಲಿದರೆ ಹೊಟ್ಟೆ ಕೊಯ್ದು ಸತ್ತ ಭಾಗವನ್ನು ತೆಗೆಯುವುದೇ ರೂಢಿ. 2010ರಲ್ಲಿ ಅದೇ ಹಾಲೆಂಡಿನವರು, ಮೊದಲು ದ್ರವವನ್ನಷ್ಟೇ ಬಸಿದು, ಸಾಲದಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡುವ ಕ್ರಮವನ್ನು ಇದರೊಂದಿಗೆ ಹೋಲಿಸಿದರು. ದೊಡ್ಡ ತೊಡಕು ಅಥವಾ ಸಾವು ಕಂಡವರು ಕೊಯ್ದವರಲ್ಲಿ ನೂರಕ್ಕೆ 69, ಹೆಜ್ಜೆ ಹೆಜ್ಜೆಯಾಗಿ ಹೋದವರಲ್ಲಿ 40.

ಈಗ ಆ ಮೊದಲ ಹೆಜ್ಜೆಯನ್ನು ಬಾಯಿಯ ಮೂಲಕವೇ ಇಡಬಹುದು. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪನ್ನು, ರೋಗಿಗೆ ಮತ್ತು ಬರಿಸಿ, ಜಠರದವರೆಗೆ ಇಳಿಸುತ್ತಾರೆ. ಗೋಡೆಯಾಚೆಗಿನ ಚೀಲವೂ ನಡುವಿನ ರಕ್ತನಾಳಗಳೂ ಪರದೆಯ ಮೇಲೆ ಕಾಣುತ್ತವೆ. ನಾಳಗಳನ್ನು ತಪ್ಪಿಸಿ ಚೀಲಕ್ಕೆ ರಂಧ್ರ ಮಾಡಿ ಸ್ಟೆಂಟ್ ಕೂರಿಸುತ್ತಾರೆ. ಇದಕ್ಕೆಂದೇ ಮಾಡಿದ ಲೋಹದ ಸ್ಟೆಂಟು ನಮ್ಮ ಹೊಲಿಗೆ ಮಿಷನ್ನಿನ ದಾರದ ರೀಲಿನ ಹಾಗೆ: ನಡು ಸಣ್ಣ, ಎರಡೂ ತುದಿ ಅಗಲ. ಒಂದು ತುದಿ ಚೀಲದೊಳಗೆ, ಇನ್ನೊಂದು ಜಠರದೊಳಗೆ. ಎರಡು ತುದಿಯೂ ಸುರುಳಿಯಾದ ಪ್ಲಾಸ್ಟಿಕ್ ನಳಿಕೆಗಳೂ ಉಂಟು.

“ಅಯ್ಯೋ, ಕೀವು ಹೊಟ್ಟೆಗೇ ಬಂದ್ರೆ ವಿಷ ಆಗಲ್ವಾ?” ಆಗುವುದಿಲ್ಲ. ಜಠರದಿಂದ ಕರುಳಿಗೆ ಇಳಿದು ಮಲದ ಜೊತೆ ಹೊರಹೋಗುತ್ತದೆ. ಸತ್ತ ಭಾಗ ಗಟ್ಟಿಯಾಗಿ ಉಳಿದಿದ್ದರೆ ಅಗಲವಾದ ಲೋಹದ ಸ್ಟೆಂಟಿನ ದಾರಿಯಲ್ಲೇ ಒಳಹೊಕ್ಕು, ಹಲವು ಸಲವಾದರೂ ಸರಿ, ತೆಗೆದು ಶುಚಿ ಮಾಡುತ್ತಾರೆ. ಚೀಲ ಜಠರದಿಂದ ದೂರವಿದ್ದರೆ ಮಾತ್ರ ಪಕ್ಕೆಯಿಂದ ಟ್ಯೂಬು ಹಾಕಬೇಕಾದೀತು.

ಇದು ಪವಾಡವಲ್ಲ. ರಕ್ತಸ್ರಾವ, ಸ್ಟೆಂಟ್ ಕಟ್ಟಿಕೊಳ್ಳುವುದು, ಜಾರುವುದು ಇದ್ದೇ ಇವೆ. ಹಾಲೆಂಡಿನದೇ 2018ರ ಇನ್ನೊಂದು ಅಧ್ಯಯನದಲ್ಲಿ, ಸಣ್ಣ ಗಾಯದ ಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ಎಂಡೋಸ್ಕೋಪಿಯಿಂದ ಸಾವೇನೂ ಕಡಿಮೆಯಾಗಲಿಲ್ಲ. ಆದರೆ ಮೇದೋಜೀರಕ ರಸ ಹೊರಗೆ ಸೋರುವ ತೊಂದರೆ ನೂರಕ್ಕೆ 32ರಿಂದ 5ಕ್ಕೆ ಇಳಿಯಿತು, ಆಸ್ಪತ್ರೆವಾಸವೂ ಕಡಿಮೆಯಾಯಿತು.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಮನೆಯವರು ಎಡವುವುದು ಇಲ್ಲೇ. ನೋವು ಹೋಯಿತು, ಊಟ ಸೇರಿತು, “ಇನ್ಯಾಕೆ ಮತ್ತೆ ಅಷ್ಟು ದೂರ ಬಸ್ಸು ಹತ್ತೋದು?” ಎಂದು ಸುಮ್ಮನಾಗಿಬಿಡುತ್ತಾರೆ. ಆದರೆ ಲೋಹದ ಸ್ಟೆಂಟನ್ನು ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಸ್ಕ್ಯಾನ್ ಮಾಡಿ ನೋಡಿ ತೆಗೆಯಬೇಕು. ಚೀಲ ಕುಗ್ಗಿದ ಮೇಲೂ ಅದು ಒಳಗಿದ್ದರೆ ರಕ್ತನಾಳಕ್ಕೆ ಉಜ್ಜಿ ರಕ್ತ ಸುರಿಯಬಹುದು, ಗೋಡೆಯಲ್ಲೇ ಹೂತುಹೋಗಬಹುದು. ಪ್ಲಾಸ್ಟಿಕ್ ನಳಿಕೆಯನ್ನಾದರೋ ಕೆಲವರಲ್ಲಿ ಬೇಕೆಂದೇ ಬಹುಕಾಲ ಬಿಡುತ್ತಾರೆ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವಾಗ ಎರಡು ಮಾತು ಕೇಳಿ, ಬರೆಸಿಕೊಳ್ಳಿ: ಹಾಕಿದ್ದು ಯಾವ ಸ್ಟೆಂಟ್? ತೆಗೆಯುವ ದಿನ ಯಾವುದು? ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಶಾಯಿಯ ಗುರುತು ಹಾಕಿ.

ಚಳಿಜ್ವರ, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ತಲೆ ತಿರುಗಿ ಬೀಳುವುದು, ನೋವು ಮರುಕಳಿಸುವುದು, ಇವುಗಳಲ್ಲಿ ಒಂದು ಕಂಡರೂ ದಿನ ಬರುವವರೆಗೆ ಕಾಯದೆ ಹೊರಡಿ.

ಅಡುಗೆಮನೆಯ ಪಾಲು

ಉಪವಾಸ ಕೆಡವಬೇಡಿ, ಈ ಕಾಯಿಲೆಯಲ್ಲಿ ಮೈ ಕರಗಿರುತ್ತದೆ. ವೈದ್ಯರು ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪವೇ ಐದಾರು ಸಲ ಕೊಡಿ: ಮೆತ್ತಗಿನ ಅನ್ನ, ಬೇಳೆಕಟ್ಟು, ಇಡ್ಲಿ, ಕೆನೆ ತೆಗೆದ ಮಜ್ಜಿಗೆ, ಬೇಯಿಸಿದ ತರಕಾರಿ. ಬೋಂಡ, ಪೂರಿ, ತುಪ್ಪದ ಸಿಹಿ ದೂರವಿರಲಿ. ಮಲ ಜಿಡ್ಡಾಗಿ ತೇಲುತ್ತಿದ್ದರೆ ವೈದ್ಯರಿಗೆ ತಿಳಿಸಿ. ಜೀರ್ಣಕಾರಿ ಗುಳಿಗೆ ಬರೆದುಕೊಟ್ಟರೆ ಅದನ್ನು ಊಟದ ಜೊತೆಗೇ ನುಂಗಬೇಕು. ಸಕ್ಕರೆ ಕಾಯಿಲೆ ಹುಟ್ಟುವ ಸಂಭವವಿರುವುದರಿಂದ ರಕ್ತ ಪರೀಕ್ಷೆಯನ್ನೂ ಮರೆಯಬೇಡಿ.

ಕಲ್ಲಿನಿಂದ ಬಂದದ್ದಾದರೆ, ಒಳಗಿನ ರಂಪ ಶಾಂತವಾದ ಮೇಲೆ ಪಿತ್ತಕೋಶವನ್ನು ತೆಗೆಸಲೇಬೇಕು. ಮದ್ಯದಿಂದ ಬಂದದ್ದಾದರೆ, “ಹಬ್ಬಕ್ಕೊಂದು ಗುಟುಕು” ಕೂಡ ಬೇಡ. ಹೇಳಲು ಹೆಂಡತಿಗೆ ಸಂಕೋಚವಾದರೆ ವೈದ್ಯರ ಬಾಯಿಂದಲೇ, ಅವರ ಎದುರಿಗೇ ಹೇಳಿಸಿ.

ಕುರು ಹಣ್ಣಾಗುವವರೆಗೆ ಕಾಯುವ ತಾಳ್ಮೆ, ತೆಗೆಯುವ ದಿನ ತಪ್ಪದ ಎಚ್ಚರ, ಈ ಎರಡೂ ಮನೆಯಲ್ಲಿದ್ದರೆ ವೈದ್ಯರ ಅರ್ಧ ಕೆಲಸ ಹಗುರವಾದಂತೆ.